ಒಂದೇ ತೂಕದ ಎರಡು ರಬ್ಬರ್ ಹಾಸಿಗೆಗಳು: ಭರ್ತಿಪುಡಿ ಮಾಡಿದ ವ್ಯತ್ಯಾಸ

ಮೂರು ವರ್ಷಗಳ ಹಿಂದೆ ಒಂದೇ ತಿಂಗಳಲ್ಲಿ ನಮ್ಮ ಮನೆಗೆ ಎರಡು ನೈಸರ್ಗಿಕ ರಬ್ಬರ್ ಫೋಮ್ ಹಾಸಿಗೆಗಳು ಬಂದವು. ಎರಡೂ 15 ಸೆಂಟಿಮೀಟರ್ ದಪ್ಪ, ಉದ್ದ ಅಗಲವೂ ಒಂದೇ, ತೂಗಿ ನೋಡಿದರೆ ಅರ್ಧ ಕಿಲೋಗ್ರಾಮಿನಷ್ಟೂ ಅಂತರವಿಲ್ಲ. ಕಣ್ಣು ಮುಚ್ಚಿ ಅಂಗೈಯಿಂದ ಒತ್ತಿದರೆ ಯಾವುದು ಯಾವುದೆಂದು ಹೇಳಲು ಮನೆಯವರಲ್ಲಿ ಯಾರಿಂದಲೂ ಆಗಲಿಲ್ಲ. ತಯಾರಕರು ಬೇರೆ ಬೇರೆಯವರಾದರೂ ಎರಡರ ಚೀಟಿಯ ಮೇಲೂ ನೂರಕ್ಕೆ ನೂರು ನೈಸರ್ಗಿಕ ಲ್ಯಾಟೆಕ್ಸ್ (ರಬ್ಬರ್ ಮರದ ಹಾಲು) ಎಂದೇ ಮುದ್ರಿತವಾಗಿತ್ತು. ಇಂದು ಮೊದಲನೆಯ ಹಾಸಿಗೆ ಹೆಚ್ಚುಕಡಿಮೆ ಬಂದ ದಿನದಂತೆಯೇ ಇದೆ. ಎರಡನೆಯದರ ನಡುಭಾಗದಲ್ಲಿ ನೇರವಾದ ಕೋಲಿಟ್ಟು ಅಳೆದರೆ ಸುಮಾರು 2 ಸೆಂಟಿಮೀಟರ್ ತಗ್ಗು ಕಾಣುತ್ತದೆ. ಹೊದಿಕೆ ಬದಲಿಸುವಾಗ ಹಿಡಿದೆತ್ತಿದ ಒಂದು ಮೂಲೆ ಬೆರಳುದ್ದ ಹರಿದಿದೆ. ಎರಡರ ಮೇಲೂ ಮಲಗಿದವರ ತೂಕದಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ, ಎರಡಕ್ಕೂ ಒಂದೇ ಬಗೆಯ ಮಂಚ, ಒಂದೇ ಬಗೆಯ ಹೊದಿಕೆ. ಬೇರೆಯಾಗಿದ್ದುದು ರಬ್ಬರಿಗೆ ಬೆರೆಸಿದ ಭರ್ತಿಪುಡಿಯ ಪ್ರಮಾಣ. ಉದ್ಯಮದವರು ಇದನ್ನು ಫಿಲ್ಲರ್ ಎನ್ನುತ್ತಾರೆ. ತಯಾರಕರ ಹೆಸರುಗಳನ್ನು ನಾನು ಬರೆಯುತ್ತಿಲ್ಲ. ಒಂದೊಂದೇ ಹಾಸಿಗೆಯನ್ನು ನೋಡಿ ಇಡೀ ಸಂಸ್ಥೆಯ ಮೇಲೆ ತೀರ್ಪು ಕೊಡುವುದು ಸರಿಯಲ್ಲ. ಭರ್ತಿಪುಡಿಯ ವಿಷಯದಲ್ಲಿ ಮಾತ್ರ ಈ ಎರಡು ಹಾಸಿಗೆಗಳು ಕಲಿಸಿದ್ದು ಬಹಳ.

ಎರಡೂ ಡನ್‌ಲಪ್ ವಿಧಾನದಲ್ಲಿ ಮಾಡಿದವು. ಡನ್‌ಲಪ್ ಎಂಬುದು ಇಲ್ಲಿ ವಿಧಾನದ ಹೆಸರೇ ಹೊರತು ನನ್ನ ಹಾಸಿಗೆಗಳ ತಯಾರಕರ ಹೆಸರಲ್ಲ. 1929ರಲ್ಲಿ ಆ ಕಂಪನಿಯ ಪ್ರಯೋಗಾಲಯದಲ್ಲಿ ರಬ್ಬರ್ ಹಾಲನ್ನು ಕಡೆದು ನೊರೆ ಮಾಡಿದ ಕೆಲಸದಿಂದ ಇದು ಬೆಳೆದು ಬಂತು. ಮರದಿಂದ ಇಳಿಸಿದ ಹಾಲನ್ನು ಅಮೋನಿಯಾ ಹಾಕಿ ಕೆಡದಂತೆ ಇರಿಸಿ, ಯಂತ್ರದಲ್ಲಿ ತಿರುಗಿಸಿ, ನೂರು ಭಾಗದಲ್ಲಿ 60 ಭಾಗ ರಬ್ಬರ್ ಇರುವಷ್ಟು ಗಟ್ಟಿ ಮಾಡುತ್ತಾರೆ. ಅದಕ್ಕೆ ಗಂಧಕ, ಸತುವಿನ ಆಕ್ಸೈಡ್, ವೇಗವರ್ಧಕಗಳು ಮತ್ತು ಪೊಟ್ಯಾಸಿಯಂ ಓಲಿಯೇಟ್ ಎಂಬ ಸಾಬೂನು ಸೇರಿಸಿ ಗಾಳಿಯೊಡನೆ ಕಡೆದಾಗ ನೊರೆ ಏಳುತ್ತದೆ. ಕೊನೆಯಲ್ಲಿ ಸೋಡಿಯಂ ಸಿಲಿಕೋಫ್ಲೋರೈಡ್ ಹಾಕಿದರೆ ಕೆಲವೇ ನಿಮಿಷಗಳಲ್ಲಿ ನೊರೆ ಹೆಪ್ಪುಗಟ್ಟುತ್ತದೆ. ಆಮೇಲೆ ಅಚ್ಚಿನಲ್ಲಿ ಹಬೆಯ ಶಾಖಕ್ಕೆ ವಲ್ಕನೀಕರಣವಾಗಿ, ಅಂದರೆ ಗಂಧಕ ರಬ್ಬರಿನ ಅಣುಗಳನ್ನು ಒಂದಕ್ಕೊಂದು ಬೆಸೆದು, ತೊಳೆದು ಒಣಗಿಸಿದ ಮೇಲೆ ಫೋಮ್ ಸಿದ್ಧ. ಭರ್ತಿಪುಡಿ ಸೇರುವುದು ಕಡೆಯುವ ಮೊದಲು, ನೀರಿನಲ್ಲಿ ನುಣ್ಣಗೆ ಅರೆದ ಗಂಜಿಯ ರೂಪದಲ್ಲಿ. ಹಾಸಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವವು ಸುಣ್ಣಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಮತ್ತು ಕೆಯೋಲಿನ್ ಎಂಬ ಬಿಳಿ ಜೇಡಿಮಣ್ಣು.

ಕೊಳ್ಳುವವರು ರಬ್ಬರ್ ಹಾಸಿಗೆಯ ಮುಂದೆ ನಿಂತಾಗ ಮಾಡುವುದು ಎರಡೇ ಪರೀಕ್ಷೆ: ಎತ್ತಿ ತೂಕ ನೋಡುತ್ತಾರೆ, ಒತ್ತಿ ಗಡಸುತನ ನೋಡುತ್ತಾರೆ. ನಾನೂ ಅಷ್ಟೇ ಮಾಡಿದ್ದೆ. ಭಾರವಾಗಿದ್ದರೆ ರಬ್ಬರ್ ಹೆಚ್ಚು, ಒತ್ತಿದಾಗ ಎದುರು ಒತ್ತಿದರೆ ಬಾಳಿಕೆ ಹೆಚ್ಚು ಎಂಬುದು ನನ್ನ ಲೆಕ್ಕವಾಗಿತ್ತು. ಆದರೆ ಭರ್ತಿಪುಡಿ ಸಲೀಸಾಗಿ ಅನುಕರಿಸಬಲ್ಲ ಗುಣಗಳೂ ಈ ಎರಡೇ. ಇದನ್ನು ನಾನು ಅರ್ಥಮಾಡಿಕೊಂಡದ್ದು ಕಾಗದದ ಮೇಲೆ ಲೆಕ್ಕ ಹಾಕಿದ ಮೇಲೆ. ಆ ಲೆಕ್ಕ ಕಷ್ಟದ್ದಲ್ಲ, ಆದ್ದರಿಂದ ಇಲ್ಲಿಯೇ ಕೊಡುತ್ತೇನೆ.

ಒಂದು ಘನಮೀಟರಿಗೆ 75 ಕಿಲೋಗ್ರಾಂ ತೂಗುವ ಫೋಮನ್ನು ತೆಗೆದುಕೊಳ್ಳೋಣ. ರಬ್ಬರಿನ ಸಾಂದ್ರತೆ ಘನಮೀಟರಿಗೆ ಸುಮಾರು 920 ಕಿಲೋಗ್ರಾಂ ಆದ್ದರಿಂದ, ಪುಡಿ ಬೆರೆಸದ ಫೋಮಿನಲ್ಲಿ ಘನವಸ್ತು ಇರುವುದು ನೂರರಲ್ಲಿ 8 ಭಾಗ ಮಾತ್ರ, ಉಳಿದದ್ದೆಲ್ಲ ಗಾಳಿ. ಈಗ 100 ಕಿಲೋಗ್ರಾಂ ರಬ್ಬರಿಗೆ 30 ಕಿಲೋಗ್ರಾಂ ಸುಣ್ಣಕಲ್ಲಿನ ಪುಡಿ ಬೆರೆಸಿದರು ಎಂದಿಟ್ಟುಕೊಳ್ಳಿ. ಈ ಪುಡಿ ರಬ್ಬರಿಗಿಂತ ಸುಮಾರು ಮೂರು ಪಟ್ಟು ಭಾರ. ಹಾಗಾಗಿ ತೂಕದಲ್ಲಿ ಅದು ನೂರಕ್ಕೆ 23 ಪಾಲು ಇದ್ದರೂ ಗಾತ್ರದಲ್ಲಿ 9 ಪಾಲಷ್ಟೇ. ಮಿಶ್ರಣದ ಸಾಂದ್ರತೆ ಸುಮಾರು 1085ಕ್ಕೆ ಏರುತ್ತದೆ. ಫೋಮಿನ ತೂಕವನ್ನು ಅದೇ 75ರಲ್ಲಿ ಇರಿಸಿದರೆ ಘನವಸ್ತುವಿನ ಗಾತ್ರ ನೂರರಲ್ಲಿ 7 ಭಾಗಕ್ಕೂ ಸ್ವಲ್ಪ ಕಡಿಮೆಯಾಗುತ್ತದೆ, ಅಂದರೆ ಗುಳ್ಳೆಗಳ ನಡುವಿನ ರಬ್ಬರ್ ಕಡ್ಡಿಗಳು ತೆಳ್ಳಗಾಗುತ್ತವೆ. ತೆರೆದ ಗುಳ್ಳೆಗಳ ಫೋಮಿನ ಬಿಗುವು ಘನಭಾಗದ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ) ಅನುಗುಣವಾಗಿ ಬದಲಾಗುತ್ತದೆ ಎಂಬುದು ಗಿಬ್ಸನ್ ಮತ್ತು ಆಶ್ಬಿ ಅವರ ಹೆಸರಿನ ಪ್ರಸಿದ್ಧ ಸೂತ್ರ. ಆ ಪ್ರಕಾರ ಕಡ್ಡಿಗಳು ತೆಳುವಾದದ್ದರಿಂದಲೇ ಬಿಗುವು ನೂರರಿಂದ 72ಕ್ಕೆ ಇಳಿಯಬೇಕು. ಆದರೆ ಪುಡಿ ಬೆರೆತ ರಬ್ಬರ್ ತಾನೇ ಹೆಚ್ಚು ಬಿಗಿಯಾಗಿರುತ್ತದೆ. ಅದನ್ನು ಅಂದಾಜು ಮಾಡಲು ಗುತ್ ಮತ್ತು ಗೋಲ್ಡ್ ಅವರ ಸೂತ್ರವಿದೆ. ಗಾತ್ರದಲ್ಲಿ 9 ಪಾಲು ಪುಡಿಗೆ ಅದು ಸುಮಾರು 1.35 ಪಟ್ಟು ಬಿಗುವನ್ನು ಕೊಡುತ್ತದೆ. 72ನ್ನು 1.35ರಿಂದ ಗುಣಿಸಿ ನೋಡಿ: 97 ಬರುತ್ತದೆ.

ತೂಕ ಅದೇ, ಬಿಗುವೂ ಹೆಚ್ಚುಕಡಿಮೆ ಅದೇ, ಆದರೆ ಘನಮೀಟರಿನಲ್ಲಿರುವ ರಬ್ಬರ್ 75 ಕಿಲೋಗ್ರಾಮಿನಿಂದ 58ಕ್ಕೆ ಇಳಿದಿದೆ. ಈ ಸೂತ್ರಗಳು ಆದರ್ಶ ಸ್ಥಿತಿಯನ್ನು ಊಹಿಸಿ ಮಾಡಿದವು, ನಿಜವಾದ ಫೋಮಿನಲ್ಲಿ ಗುಳ್ಳೆಗಳ ಆಕಾರ ಮತ್ತು ಗಾತ್ರ ಸಮನಾಗಿರುವುದಿಲ್ಲ, ಆದ್ದರಿಂದ ಸಂಖ್ಯೆಗಳನ್ನು ಅಂದಾಜೆಂದೇ ಓದಬೇಕು. ಆದರೂ ನನ್ನ ಎರಡು ಹಾಸಿಗೆಗಳು ಅಂಗೈಗೆ ಒಂದೇ ಆಗಿ ಕಂಡದ್ದು ಏಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಬೇರೆ ಸಿಕ್ಕಿಲ್ಲ.

ಹಾಗಾದರೆ ಕಳೆದುಹೋದ 17 ಕಿಲೋಗ್ರಾಂ ರಬ್ಬರ್ ಎಲ್ಲಿ ಲೆಕ್ಕಕ್ಕೆ ಬರುತ್ತದೆ? ಮೊದಲನೆಯದಾಗಿ, ಒತ್ತಿದ ಮೇಲೆ ಹಿಂದಿರುಗುವ ಗುಣದಲ್ಲಿ. ಫೋಮನ್ನು ಬಹುಕಾಲ ಒತ್ತಿಟ್ಟು ಬಿಟ್ಟಾಗ ಮೂಲ ದಪ್ಪಕ್ಕೆ ಮರಳದೆ ಉಳಿಯುವ ಕೊರತೆಯನ್ನು ಕಂಪ್ರೆಶನ್ ಸೆಟ್ ಎಂದು ಕರೆಯುತ್ತಾರೆ. ಐಎಸ್‌ಒ 1856 ಎಂಬ ಮಾನಕದ ಸಾಮಾನ್ಯ ಕ್ರಮದಲ್ಲಿ ತುಂಡನ್ನು ಅರ್ಧ ದಪ್ಪಕ್ಕೆ ಅಥವಾ ಅದಕ್ಕೂ ಹೆಚ್ಚು ಒತ್ತಿ, 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 22 ಗಂಟೆ ಇಟ್ಟು, ಬಿಡಿಸಿದ ಅರ್ಧ ಗಂಟೆಯ ನಂತರ ಅಳೆಯುತ್ತಾರೆ. ಎರಡೂ ಹಾಸಿಗೆಗಳ ಜೊತೆಗೆ ಬಂದಿದ್ದ ಮಾದರಿ ತುಂಡುಗಳು ನನ್ನ ಬಳಿ ಉಳಿದಿದ್ದವು, ಎರಡೂ 5 ಸೆಂಟಿಮೀಟರ್ ದಪ್ಪ. ಪ್ರಯೋಗಾಲಯದ ಒಲೆಯ ಅನುಕೂಲವಿಲ್ಲದ ಕಾರಣ ಅವೆರಡನ್ನೂ ಎರಡು ಹಲಗೆಗಳ ನಡುವೆ ಅರ್ಧಕ್ಕೆ ಒತ್ತಿ ಕಟ್ಟಿ, ಕೋಣೆಯ ಉಷ್ಣದಲ್ಲಿಯೇ ಒಂದು ವಾರ ಬಿಟ್ಟೆ. ಬಿಚ್ಚಿ ಅರ್ಧ ಗಂಟೆ ಕಾದು ಅಳೆದಾಗ ಮೊದಲನೆಯದು 4.9 ಸೆಂಟಿಮೀಟರಿಗೆ ಮರಳಿತ್ತು, ಎರಡನೆಯದು 4.6ರಲ್ಲಿಯೇ ನಿಂತಿತ್ತು. ಇದು ಮಾನಕದ ಪರೀಕ್ಷೆಯಲ್ಲ, ಮನೆಯ ಪರೀಕ್ಷೆ. ಆದರೂ ನೂರಕ್ಕೆ 2 ಮತ್ತು ನೂರಕ್ಕೆ 8 ಎಂಬ ಅಂತರವನ್ನು ಅಳತೆಪಟ್ಟಿಯ ತಪ್ಪೆಂದು ತಳ್ಳಿಹಾಕಲಾಗದು.

ಇದರ ಕಾರಣ ರಬ್ಬರಿನ ಒಳರಚನೆಯಲ್ಲಿದೆ. ಒತ್ತಿದ ರಬ್ಬರನ್ನು ಹಿಂದಕ್ಕೆ ತರುವುದು ಗಂಧಕದ ಕೊಂಡಿಗಳಿಂದ ಬೆಸೆದ ಅದರ ಉದ್ದನೆಯ ಅಣು ಸರಪಣಿಗಳು. ಪುಡಿಯ ಕಣ ತಾನು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದ್ದರಿಂದ ಫೋಮ್ ಅರ್ಧಕ್ಕೆ ಒತ್ತಿಕೊಂಡಾಗ ಆ ಕಣಗಳ ನಡುವೆ ಸಿಕ್ಕಿದ ರಬ್ಬರ್ ಸರಾಸರಿಗಿಂತ ಬಹಳ ಹೆಚ್ಚು ವಿರೂಪಗೊಳ್ಳಬೇಕಾಗುತ್ತದೆ. ಕಣಗಳ ಮೇಲ್ಮೈಗೆ ಅಂಟಿಕೊಂಡ ರಬ್ಬರ್ ಜಾರುತ್ತದೆ, ಕೆಲವೆಡೆ ಬಿಟ್ಟುಕೊಳ್ಳುತ್ತದೆ, ಹಾಗೆ ಬಿಟ್ಟುಕೊಂಡದ್ದು ಮತ್ತೆ ಮೊದಲಿನ ಜಾಗಕ್ಕೆ ಬಂದು ಕೂರುವುದಿಲ್ಲ. ಒತ್ತುವಾಗ ಕೊಟ್ಟ ಶಕ್ತಿಯ ಒಂದು ಪಾಲು ಪ್ರತಿ ಸಲವೂ ಶಾಖವಾಗಿ ಸೋರುತ್ತದೆ. ಪುಡಿ ತುಂಬಿದ ರಬ್ಬರನ್ನು ಮೊದಲ ಸಲ ಎಳೆದಾಗ ಇದ್ದ ಬಿಗುವು ಎರಡನೆಯ ಸಲ ಇರುವುದಿಲ್ಲ ಎಂಬುದು ಮಲ್ಲಿನ್ಸ್ ಪರಿಣಾಮ ಎಂಬ ಹೆಸರಿನಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಎರಡನೆಯ ಹಾಸಿಗೆ ಮೊದಲ ಕೆಲವು ವಾರಗಳಲ್ಲಿಯೇ ಸ್ವಲ್ಪ ಮೆತ್ತಗಾದಂತೆ ಅನ್ನಿಸಿತ್ತು. ನಮ್ಮ ಮೈಗೆ ಒಗ್ಗುತ್ತಿದೆ ಎಂದು ಆಗ ಸಂತೋಷಪಟ್ಟಿದ್ದೆವು.

ಎರಡನೆಯದಾಗಿ, ಹರಿಯದಿರುವ ಗುಣದಲ್ಲಿ. ನನ್ನ ಮಟ್ಟಿಗೆ ಇದು ತಗ್ಗಿಗಿಂತಲೂ ದೊಡ್ಡ ಕೊರತೆ, ಏಕೆಂದರೆ ತಗ್ಗಾದ ಹಾಸಿಗೆಯನ್ನು ತಿರುಗಿಸಿ ಹಾಸಬಹುದು, ಹರಿದ ಫೋಮ್ ಹರಿಯುತ್ತಲೇ ಹೋಗುತ್ತದೆ. ನೈಸರ್ಗಿಕ ರಬ್ಬರಿನ ಅಸಾಧಾರಣ ಬಲದ ಗುಟ್ಟು, ಬಲವಾಗಿ ಎಳೆದಾಗ ಅದರ ಸರಪಣಿಗಳು ಸಾಲಾಗಿ ನಿಂತು ಸ್ಫಟಿಕಗಳಾಗುವುದು. ಬಿರುಕಿನ ತುದಿಯಲ್ಲಿ ರಬ್ಬರ್ ಹೆಚ್ಚು ಎಳೆತಕ್ಕೆ ಸಿಗುವುದರಿಂದ ಅಲ್ಲಿಯೇ ಸ್ಫಟಿಕಗಳು ಮೂಡಿ ಬಿರುಕನ್ನು ತಡೆಯುತ್ತವೆ. ಫೋಮಿನ ಕಡ್ಡಿಗಳಾದರೋ ಮೈಕ್ರೊಮೀಟರಿನ ಹತ್ತಾರು ಪಟ್ಟು ದಪ್ಪವಿರುವ ಸಣ್ಣ ಎಳೆಗಳು. ಒರಟಾಗಿ ಅರೆದ ಸುಣ್ಣಕಲ್ಲಿನ ಕಣವೊಂದು 5ರಿಂದ 10 ಮೈಕ್ರೊಮೀಟರ್ ಇದ್ದರೆ, ಅಂಥ ಎಳೆಯೊಳಗೆ ಅದು ಸಿಕ್ಕಿಕೊಂಡಾಗ ಬಲ ಕೊಡುವ ಬದಲು ಬಿರುಕು ಹುಟ್ಟುವ ಜಾಗವಾಗುತ್ತದೆ. ಹೀಗೆ ಪುಡಿ ಹೆಚ್ಚಾದಂತೆ ಕರ್ಷಣಬಲವೂ ತುಂಡಾಗುವ ಮೊದಲು ಹಿಗ್ಗುವ ಪ್ರಮಾಣವೂ ಒಟ್ಟಿಗೆ ಇಳಿಯುತ್ತವೆ. ಮಾದರಿ ತುಂಡುಗಳಿಂದ ಒಂದೇ ಅಗಲದ ಪಟ್ಟಿಗಳನ್ನು ಕತ್ತರಿಸಿ ಕೈಯಿಂದ ಎಳೆದಾಗ ಮೊದಲನೆಯದು ಎರಡೂವರೆ ಪಟ್ಟು ಉದ್ದಕ್ಕೆ ಹಿಗ್ಗಿಯೂ ಉಳಿಯಿತು. ಎರಡನೆಯದು ಎರಡು ಪಟ್ಟು ಮುಟ್ಟುವ ಮೊದಲೇ ತುಂಡಾಯಿತು, ತುಂಡಾದ ಅಂಚನ್ನು ಉಜ್ಜಿದರೆ ಬೆರಳಿಗೆ ತೆಳುವಾದ ಬಿಳಿ ಪುಡಿ ಅಂಟಿತು.

ಟೈರುಗಳಲ್ಲಿ ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಭರ್ತಿಪುಡಿ ರಬ್ಬರಿಗೆ ಬಲ ಕೊಡುತ್ತದೆ, ಹಾಸಿಗೆಯ ಪುಡಿ ಏಕೆ ಕೊಡುವುದಿಲ್ಲ ಎಂದು ಯಾರಾದರೂ ಕೇಳಬಹುದು, ಮತ್ತು ಈ ಪ್ರಶ್ನೆ ನ್ಯಾಯವಾದದ್ದೇ. ಟೈರಿನ ಕಾರ್ಬನ್ ಕಣಗಳು ಕೆಲವು ಹತ್ತು ನ್ಯಾನೊಮೀಟರ್ ಗಾತ್ರದವು, ಸುಣ್ಣಕಲ್ಲಿನ ಒರಟು ಪುಡಿಗಿಂತ ನೂರಾರು ಪಟ್ಟು ಚಿಕ್ಕವು. ಅಲ್ಲದೆ ಒಣ ರಬ್ಬರನ್ನು ಉರುಳೆಗಳ ನಡುವೆ ಬಲವಾಗಿ ನಾದುವಾಗ ಸರಪಣಿಗಳು ಆ ಕಣಗಳ ಮೇಲ್ಮೈಗೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ರಬ್ಬರ್ ಹಾಲಿನಲ್ಲಿ ಆ ನಾದುವಿಕೆ ಇಲ್ಲವೇ ಇಲ್ಲ. ಅಲ್ಲಿ ರಬ್ಬರಿನ ಹನಿಗಳೂ ಪುಡಿಯ ಕಣಗಳೂ ನೀರಿನಲ್ಲಿ ಅಕ್ಕಪಕ್ಕ ತೇಲುತ್ತಿದ್ದು, ಹೆಪ್ಪುಗಟ್ಟಿದಾಗ ಒಂದರ ಪಕ್ಕ ಒಂದು ಉಳಿದುಬಿಡುತ್ತವೆ. ಒಣ ರಬ್ಬರಿನಿಂದ, ಅಡಿಗೆ ಸೋಡಾ ಅಥವಾ ಅಜೋಡೈಕಾರ್ಬನಮೈಡ್‌ನಂಥ ಅನಿಲಜನಕಗಳನ್ನು ಬಳಸಿ ಉಬ್ಬಿಸುವ ಸ್ಪಂಜಿನಲ್ಲಿ ಕಾರ್ಬನ್ ಬ್ಲ್ಯಾಕ್ ಅಥವಾ ಸಿಲಿಕಾ ನಿಜವಾಗಿಯೂ ಬಲ ಕೊಡುತ್ತವೆ, ಗುಳ್ಳೆಗಳನ್ನು ಸಣ್ಣಗೂ ಸಮನಾಗಿಯೂ ಮಾಡುತ್ತವೆ. ಆದರೆ ಮಿಶ್ರಣ ಗಟ್ಟಿಯಾಗುವುದರಿಂದ ಉಬ್ಬುವುದು ಕಡಿಮೆಯಾಗಿ ಫೋಮ್ ಭಾರವಾಗುತ್ತದೆ. ಬಾಗಿಲಿನ ಅಂಚುಪಟ್ಟಿಗೆ, ಯಂತ್ರದ ಅಡಿಯ ದಿಂಡಿಗೆ ಅದು ಒಳ್ಳೆಯದು. ಹಾಸಿಗೆ ಬೇರೆ ವಸ್ತು.

ಮೂರನೆಯದೊಂದು ಸಂಗತಿ ನನಗೆ ಅನಿರೀಕ್ಷಿತವಾಗಿತ್ತು. ಎರಡನೆಯ ಹಾಸಿಗೆಯನ್ನು ತಿರುಗಿಸಿ ಹಾಸಿದಾಗ ಅದು ಬೇರೆಯೇ ಹಾಸಿಗೆಯಂತೆ, ಗಮನಾರ್ಹವಾಗಿ ಗಟ್ಟಿಯಾಗಿ ಕಂಡಿತು. ನೊರೆ ಅಚ್ಚಿಗೆ ಬಿದ್ದು ಹೆಪ್ಪುಗಟ್ಟುವವರೆಗಿನ ಕೆಲವು ನಿಮಿಷಗಳಲ್ಲಿ ಭಾರವಾದದ್ದು ಕೆಳಕ್ಕೆ ಇಳಿಯುತ್ತದೆ. ಡನ್‌ಲಪ್ ಫೋಮುಗಳ ಕೆಳಮುಖ ಸ್ವಲ್ಪ ಗಟ್ಟಿಯಾಗಿರುವುದು ಸಾಮಾನ್ಯವೇ ಆದರೂ ಪುಡಿ ಹೆಚ್ಚಿದ್ದಾಗ ಅದು ಎದ್ದು ಕಾಣುತ್ತದೆ. ಪುಡಿಯ ಕಣಗಳು ಸಾಬೂನನ್ನು ತಮ್ಮ ಮೇಲ್ಮೈಗೆ ಎಳೆದುಕೊಂಡು ನೊರೆಯನ್ನು ದುರ್ಬಲಗೊಳಿಸುವುದೂ ಉಂಟು. ಆಗ ಗುಳ್ಳೆಗಳು ಒಂದರೊಳಗೊಂದು ಒಡೆದು ದೊಡ್ಡದಾಗುತ್ತವೆ. ನನ್ನ ಎರಡನೆಯ ಹಾಸಿಗೆಯ ಹರಿದ ಮೂಲೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಪೊಳ್ಳುಗಳು ಕಂಡವು. ಮೊದಲನೆಯದರ ಮಾದರಿಯಲ್ಲಿ ಅಂಥದೊಂದೂ ಇಲ್ಲ.

ಇಷ್ಟೆಲ್ಲ ಆದ ಮೇಲೆಯೂ ಅನುಮಾನವನ್ನು ಖಚಿತಪಡಿಸಿಕೊಳ್ಳದೆ ಬರೆಯುವುದು ಬೇಡವೆಂದು, ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಪರಿಚಿತರಿಗೆ ಎರಡೂ ತುಂಡುಗಳನ್ನು ಕೊಟ್ಟೆ. ಅವರು ತೂಗಿದ ಮಾದರಿಯನ್ನು ಕುಲುಮೆಯಲ್ಲಿ 550 ಡಿಗ್ರಿ ಸೆಲ್ಸಿಯಸ್ಸಿಗೆ ಸುಟ್ಟು ಉಳಿದ ಬೂದಿಯನ್ನು ತೂಗಿದರು. ಆ ಶಾಖದಲ್ಲಿ ರಬ್ಬರ್ ಉರಿದು ಹೋಗುತ್ತದೆ, ಸುಣ್ಣಕಲ್ಲು ಹಾಗೆಯೇ ಉಳಿಯುತ್ತದೆ. ಮೊದಲನೆಯದರಲ್ಲಿ ಉಳಿದದ್ದು ನೂರಕ್ಕೆ 4ರಷ್ಟು, ಬಹುಪಾಲು ವಲ್ಕನೀಕರಣಕ್ಕೆ ಬೇಕೇ ಬೇಕಾದ ಸತುವಿನ ಆಕ್ಸೈಡ್. ಎರಡನೆಯದರಲ್ಲಿ ಉಳಿದದ್ದು ನೂರಕ್ಕೆ 25. ಅದರ ಮೇಲೆ ಆಮ್ಲದ ಹನಿ ಬಿಟ್ಟಾಗ ಬುಸುಗುಟ್ಟಿ ನೊರೆ ಎದ್ದಿತು, ಅದು ಕಾರ್ಬೊನೇಟಿನ ಗುರುತು. ಮೇಲೆ ಲೆಕ್ಕಕ್ಕೆ 30 ಕಿಲೋಗ್ರಾಮನ್ನೇ ತೆಗೆದುಕೊಂಡದ್ದು ಈ ಫಲಿತಾಂಶದಿಂದಲೇ. ಸುಡುವ ಪರೀಕ್ಷೆಯನ್ನು ಮನೆಯಲ್ಲಿ ಯಾರೂ ಮಾಡಬಾರದು, ಗಂಧಕ ಬೆರೆತ ರಬ್ಬರಿನ ಹೊಗೆ ವಿಷಕಾರಿ.

ಹಾಗಿದ್ದರೂ ನೂರಕ್ಕೆ ನೂರು ನೈಸರ್ಗಿಕ ಲ್ಯಾಟೆಕ್ಸ್ ಎಂಬ ಚೀಟಿಯನ್ನು ಶುದ್ಧ ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ಬಳಸಿದ ಹಾಲೆಲ್ಲ ಮರದ್ದೇ, ಎಸ್‌ಬಿಆರ್ ಎಂಬ ಕೃತಕ ರಬ್ಬರಿನ ಲ್ಯಾಟೆಕ್ಸ್ ಬೆರೆಸಿಲ್ಲ ಎಂಬ ಅರ್ಥದಲ್ಲಿ ಅದು ನಿಜವಿರಬಹುದು. ಹಾಸಿಗೆಯಲ್ಲಿರುವುದೆಲ್ಲ ಲ್ಯಾಟೆಕ್ಸ್ ಎಂದು ಓದಿಕೊಂಡವನು ನಾನು. ಎರಡು ಓದುಗಳ ನಡುವಿನ ಈ ಸಂದಿನಲ್ಲಿಯೇ ಕಾಲು ಭಾಗ ಕಲ್ಲಿನ ಪುಡಿ ಕೂತಿದೆ. ಪ್ರಮಾಣಪತ್ರಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬುದು ಹಾನಿಕಾರಕ ರಾಸಾಯನಿಕಗಳು ಮಿತಿಯೊಳಗಿವೆ ಎಂದು ಹೇಳುತ್ತದೆಯೇ ಹೊರತು ಪುಡಿಯ ಪ್ರಮಾಣದ ಬಗ್ಗೆ ಏನನ್ನೂ ಹೇಳುವುದಿಲ್ಲ, ಏಕೆಂದರೆ ಸುಣ್ಣಕಲ್ಲು ಹಾನಿಕಾರಕವೇ ಅಲ್ಲ. ಸಾವಯವ ಲ್ಯಾಟೆಕ್ಸಿಗೆ ಕೊಡುವ ಜಿಒಎಲ್‌ಎಸ್ ಪ್ರಮಾಣವಾದರೆ ಸಾವಯವ ಕಚ್ಚಾವಸ್ತು ನೂರಕ್ಕೆ 95ಕ್ಕಿಂತ ಹೆಚ್ಚಿರಬೇಕೆಂದು ಕೇಳುವುದರಿಂದ ಪುಡಿಗೆ ತಾನಾಗಿಯೇ ಮಿತಿ ಬೀಳುತ್ತದೆ.

ಭರ್ತಿಪುಡಿ ಎಂದರೆ ಕಲಬೆರಕೆಯೇ ಎಂದು ಇದರಿಂದ ಯಾರೂ ತೀರ್ಮಾನಿಸಬಾರದು. ಸ್ವಲ್ಪ ಪುಡಿ ಇದ್ದರೆ ಫೋಮ್ ಒಣಗುವಾಗ ಕುಗ್ಗುವುದು ಕಡಿಮೆಯಾಗುತ್ತದೆ, ಅಳತೆ ಸರಿಯಾಗಿ ಬರುತ್ತದೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಬೆರೆಸಿದ ಫೋಮ್ ಬೆಂಕಿ ತಾಗಿದಾಗ ನೀರಿನ ಆವಿಯನ್ನು ಬಿಟ್ಟು ಉರಿಯನ್ನು ನಿಧಾನಗೊಳಿಸುತ್ತದೆ; ಜನ ಹೆಚ್ಚು ಸೇರುವ ಕಡೆಯ ಆಸನಗಳಿಗೆ ಆ ಗುಣಕ್ಕಾಗಿ ಸ್ವಲ್ಪ ಪುಟಿತವನ್ನು ಬಿಟ್ಟುಕೊಡುವುದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಭತ್ತದ ಹೊಟ್ಟು, ಮರದ ಪುಡಿಯಂಥ ಸಸ್ಯಮೂಲದ ಪುಡಿಗಳು ಮಣ್ಣಿನಲ್ಲಿ ಕೊಳೆಯುವುದಕ್ಕೆ ನೆರವಾಗುತ್ತವೆ, ಆದರೆ ತೇವವನ್ನು ಹೀರುತ್ತವೆ, ಹಿಗ್ಗುವ ಗುಣವನ್ನೂ ತಗ್ಗಿಸುತ್ತವೆ. ಬೆವರು ತಾಗುವ ಹಾಸಿಗೆಗೆ ನಾನು ಅವನ್ನು ಆರಿಸಲಾರೆ. ಶುದ್ಧವಲ್ಲದ ಖನಿಜ ಪುಡಿಯಲ್ಲಿ ತಾಮ್ರ ಅಥವಾ ಮ್ಯಾಂಗನೀಸಿನ ಲೇಶವಿದ್ದರೂ ರಬ್ಬರ್ ಬೇಗ ಆಕ್ಸೀಕರಣಗೊಂಡು ಹಾಳಾಗುತ್ತದೆ ಎಂಬುದನ್ನೂ ಮರೆಯಬಾರದು.

ತೀರ್ಪು ಹೇಳುವುದಾದರೆ, ಮೊದಲನೆಯ ಹಾಸಿಗೆಗೆ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ. ಅಂಥದ್ದನ್ನು ಮತ್ತೆ ಕೊಳ್ಳಲು ಹಿಂಜರಿಯುವುದಿಲ್ಲ. ಎರಡನೆಯದಕ್ಕೆ ಎರಡು ಅಂಕ, ಅದೂ ಮೊದಲ ವರ್ಷದ ನೆಮ್ಮದಿಯ ನಿದ್ರೆಗಾಗಿ. ಹೊಸದಾಗಿ ಕೊಳ್ಳುವವರು ಸಾಂದ್ರತೆಯ ಸಂಖ್ಯೆಯನ್ನೊಂದನ್ನೇ ಕೇಳಿ ಸುಮ್ಮನಾಗದೆ, ಬೂದಿಯ ಪ್ರಮಾಣ ಎಷ್ಟು, ಕಂಪ್ರೆಶನ್ ಸೆಟ್ ಎಷ್ಟು ಎಂಬುದನ್ನು ಬರಹದಲ್ಲಿ ಕೇಳಬೇಕು. ಐಎಸ್‌ಒ 3385ರ ಪ್ರಕಾರ 750 ನ್ಯೂಟನ್ ಭಾರದಲ್ಲಿ 80,000 ಸಲ ಬಡಿದ ಮೇಲೆ ದಪ್ಪ ಮತ್ತು ಗಡಸುತನ ಎಷ್ಟು ಇಳಿಯಿತು ಎಂಬ ವರದಿ ಇದ್ದರೆ ಇನ್ನೂ ಒಳ್ಳೆಯದು. ಇವನ್ನೆಲ್ಲ ಕೊಡಲಾಗದ ಮಾರಾಟಗಾರರ ಬಳಿ ಕೊನೆಯ ಪಕ್ಷ ಒಂದು ಮಾದರಿ ತುಂಡನ್ನಾದರೂ ಕೇಳಿ ಪಡೆದು, ಒಂದು ವಾರ ಹಲಗೆಗಳ ನಡುವೆ ಅರ್ಧಕ್ಕೆ ಒತ್ತಿಟ್ಟು ನೋಡಿ. ನನ್ನ ಎರಡನೆಯ ಹಾಸಿಗೆಯ ತಯಾರಕರಿಗೆ ಬೂದಿಯ ಫಲಿತಾಂಶವನ್ನು ಬರೆದು ಕಳಿಸಿದಾಗ ಬಂದ ಉತ್ತರದಲ್ಲಿ ಸಾಂದ್ರತೆ ಹೇಳಿದಷ್ಟೇ ಇದೆಯಲ್ಲ ಎಂಬ ಒಂದೇ ಮಾತಿತ್ತು, ಮತ್ತು ಆ ಮಾತು ನಿಜವಾಗಿತ್ತು.